ಹರಿಯುವುದು ನಿಂತ ಮೇಲೆ ಜಾರಿಯಾ ಆದೀತೇ?

ನಮ್ಮ ಕರಾವಳಿಯ ಊರೊಂದರ ಮಸೀದಿಯ ಆವರಣಗೋಡೆಗೆ ತಾಗಿಕೊಂಡಂತೆ ಒಂದು ಕೊಳವೆಬಾವಿಯಿದೆ. ಪಕ್ಕದಲ್ಲಿ ನಿಲ್ಲಿಸಲಾದ ಅಮೃತಶಿಲೆಯ ಫಲಕದಲ್ಲಿ ಅದನ್ನು ಯಾರ ಸ್ಮರಣಾರ್ಥ ಕೊರೆಸಲಾಯಿತು, ಕೊರೆಸಿದವರು ಯಾರು, ಉದ್ಘಾಟಿಸಿದವರು ಯಾರು ಎಂಬ ವಿವರಗಳೆಲ್ಲ ಬಂಗಾರದ ಬಣ್ಣದ ಅಕ್ಷರಗಳಲ್ಲಿವೆ. ಮೇಲ್ಭಾಗದಲ್ಲಿ 'ಸದಕಾ ಜಾರಿಯಾ' ಎಂದು ದೊಡ್ಡದಾಗಿ ಕೆತ್ತಲಾಗಿದೆ. ಕೈಪಂಪಿಗೆ ಮಾತ್ರ ಹಿಡಿಯಿಲ್ಲ. ಒಳಗಿನ ಯಾವುದೋ ಒಂದು ಬಿಡಿಭಾಗ ಸವೆದು ಎರಡು ಬೇಸಗೆಗಳು ಕಳೆದಿವೆಯಂತೆ. ದಾನಿಯ ಮಕ್ಕಳು ಗಲ್ಫ್‌ನಲ್ಲಿದ್ದಾರೆ; ಬಾವಿಯನ್ನು ಜಮಾಅತ್ತಿಗೆ ಒಪ್ಪಿಸಿಬಿಟ್ಟಿದ್ದೇವೆಂದು ಅವರು ನೆಮ್ಮದಿಯಿಂದಿದ್ದಾರೆ. ಅದು ದಾನಿಗಳ ಬಾವಿ, ಅವರೇ ನೋಡಿಕೊಳ್ಳಲಿ ಎಂದು ಜಮಾಅತ್ ಸಮಿತಿಯವರು ಸುಮ್ಮನಿದ್ದಾರೆ. ರಸ್ತೆಯಾಚೆಯ ಮನೆಗಳ ಹೆಂಗಸರು ಕೊಡ ಹಿಡಿದುಕೊಂಡು ಆ ಫಲಕದ ಮುಂದಿನಿಂದಲೇ ಹಾದು ದೂರದ ಬಾವಿಗೆ ಹೋಗುತ್ತಿದ್ದಾರೆ.

ಇದು ಕೇವಲ ಒಂದು ಊರಿನ ಕತೆಯಾಗಿದ್ದರೆ ಅದಕ್ಕಾಗಿ ಈ ಅಂಕಣವನ್ನು ಮೀಸಲಿಡಬೇಕಾದ ಅಗತ್ಯವಿರಲಿಲ್ಲ. ದಾನ ನೀಡುವ ವಿಷಯದಲ್ಲಿ ನಮ್ಮ ಸಮುದಾಯವು ಯಾರಿಗೂ ಹಿಂದೆ ಬಿದ್ದಿಲ್ಲ. ಝಕಾತ್‌ನ ಹೊರತಾಗಿಯೂ ಮಸೀದಿ, ಮದ್ರಸ, ಯತೀಮ್‌ಖಾನ, ಬಡ ಹೆಣ್ಣುಮಕ್ಕಳ ಮದುವೆ, ರೋಗಿಗಳ ಚಿಕಿತ್ಸೆ ಎಂದು ವರ್ಷವಿಡೀ ಹಣ ಹರಿದುಬರುತ್ತದೆ. ಕಟ್ಟಡ ಕಾರ್ಮಿಕನಾಗಿ ಮರುಭೂಮಿಯ ಬಿಸಿಲಲ್ಲಿ ದುಡಿಯುವ ಯುವಕನೂ ತನ್ನ ಊರಿನ ಮಸೀದಿಯ ರಶೀದಿ ಪುಸ್ತಕಕ್ಕೆ ಕೈಯಾರೆ ನೀಡುತ್ತಾನೆ. ಕೊರತೆಯಿರುವುದು ಕೊಡುವಲ್ಲಿ ಅಲ್ಲ, ಕೊಟ್ಟದ್ದನ್ನು ಜೀವಂತವಾಗಿರಿಸುವಲ್ಲಿ. ಸದಕಾ ಜಾರಿಯಾ ಎಂಬ ಪದದಲ್ಲಿ ನಾವು 'ಸದಕಾ'ವನ್ನು ಹಿಡಿದುಕೊಂಡು 'ಜಾರಿಯಾ'ವನ್ನು ಕೈಬಿಟ್ಟಿದ್ದೇವೆ.

ಮನುಷ್ಯನು ಮರಣ ಹೊಂದಿದಾಗ ಅವನ ಕರ್ಮಗಳ ಲೆಕ್ಕ ಮುಗಿಯುತ್ತದೆ, ಆದರೆ ಮೂರು ವಿಷಯಗಳು ಇದಕ್ಕೆ ಹೊರತಾಗಿವೆ ಎಂಬ ಪ್ರವಾದಿ ಮುಹಮ್ಮದ್(ಸ)ರ ವಚನವು ನಮ್ಮ ಓದುಗರಿಗೆಲ್ಲ ಪರಿಚಿತವೇ. ನಿರಂತರವಾಗಿ ಹರಿಯುವ ದಾನ, ಜನರಿಗೆ ಪ್ರಯೋಜನವಾಗುವ ಜ್ಞಾನ ಮತ್ತು ಹೆತ್ತವರಿಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಈ ಹದೀಸನ್ನು ಪ್ರತಿಯೊಂದು ಮರಣದ ಮನೆಯಲ್ಲಿಯೂ ನಾವು ಕೇಳುತ್ತೇವೆ. ಆದರೆ ಕೇಳಿಕೇಳಿ ಅದರ ಅರ್ಥವು ನಮ್ಮ ಕಿವಿಯಲ್ಲಿ ಸವೆದುಹೋಗಿದೆ. 'ಜಾರಿಯಾ' ಎಂದರೆ ಹರಿಯುವುದು ಎಂದರ್ಥ. ನದಿಗೆ, ತೊರೆಗೆ ಅನ್ವಯವಾಗುವ ಪದವದು. ಮೃತನಿಗೆ ಪುಣ್ಯ ತಲಪುತ್ತಿರುವುದು ಅವನು ಒಮ್ಮೆ ಹಣ ಕೊಟ್ಟಿದ್ದ ಎಂಬ ಕಾರಣಕ್ಕಲ್ಲ. ಇಂದು ಯಾರೋ ಒಬ್ಬರಿಗೆ ಅದರಿಂದ ಪ್ರಯೋಜನವಾಗುತ್ತಿದೆ ಎಂಬ ಕಾರಣಕ್ಕೆ. ಕೊಟ್ಟ ದಿನದ ದಾನದ ಪುಣ್ಯವು ಖಂಡಿತ ಅಲ್ಲಾಹನ ಬಳಿಯಿದೆ, ಅವನು ಯಾರ ಪ್ರತಿಫಲವನ್ನೂ ವ್ಯರ್ಥಗೊಳಿಸುವವನಲ್ಲ. ಆದರೆ ಹರಿವು ನಿಂತ ಬಾವಿಯನ್ನು ಹರಿಯುವ ದಾನವೆಂದು ಕರೆಯುವುದಾದರೂ ಹೇಗೆ?

ಈ ಪರಿಕಲ್ಪನೆಯು ಕಾರ್ಯರೂಪಕ್ಕೆ ಬಂದ ಬಗೆಯನ್ನು ಅರಿಯಬೇಕಾದರೆ ಹಝ್ರತ್ ಉಮರ್(ರ)ರ ಖೈಬರ್ ಭೂಮಿಯ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಖೈಬರ್‌ನಲ್ಲಿ ಅವರ ಪಾಲಿಗೆ ಒಂದು ಭೂಮಿ ಬಂತು. ತನ್ನ ಬಳಿ ಅದಕ್ಕಿಂತ ಬೆಲೆಬಾಳುವ ಸೊತ್ತು ಹಿಂದೆಂದೂ ಇರಲಿಲ್ಲ, ಅದನ್ನೇನು ಮಾಡಲಿ ಎಂದು ಅವರು ಪ್ರವಾದಿ(ಸ)ಯವರಲ್ಲಿ ಕೇಳಿದರು. ಬೇಕಿದ್ದರೆ ಮೂಲವನ್ನು ಹಾಗೆಯೇ ತಡೆಹಿಡಿದು ಅದರ ಫಲವನ್ನು ದಾನ ಮಾಡಬಹುದು ಎಂಬ ಸಲಹೆ ಬಂತು. ಉಮರ್(ರ) ಹಾಗೆಯೇ ಮಾಡಿದರು. ಆ ಭೂಮಿಯನ್ನು ಮಾರುವಂತಿಲ್ಲ, ಉಡುಗೊರೆಯಾಗಿ ಕೊಡುವಂತಿಲ್ಲ, ವಾರಸುದಾರರಲ್ಲಿ ಹಂಚುವಂತಿಲ್ಲ. ಅದರ ಉತ್ಪನ್ನವು ಬಡವರಿಗೆ, ಬಂಧುಗಳಿಗೆ, ಗುಲಾಮರ ವಿಮೋಚನೆಗೆ, ದೇವಮಾರ್ಗಕ್ಕೆ, ಪ್ರಯಾಣಿಕರಿಗೆ, ಅತಿಥಿಗಳಿಗೆ ಸಲ್ಲಬೇಕು. ನೋಡಿಕೊಳ್ಳುವವರು ಅದರಿಂದ ಮಿತವಾಗಿ ಉಣ್ಣಬಹುದು, ಆದರೆ ಅದರಿಂದ ಸಂಪತ್ತು ಕೂಡಿಡಬಾರದು. ವಕ್ಫ್ ಎಂದು ನಾವು ಕರೆಯುವ ವ್ಯವಸ್ಥೆಯ ಅಡಿಗಲ್ಲು ಇದು.

ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳ ಈ ವರದಿಗೆ ಅಬೂದಾವೂದ್‌ನಲ್ಲಿ ಒಂದು ಮುಂದುವರಿಕೆಯಿದೆ. ಅದರ ಬಗ್ಗೆ ನಮ್ಮ ಪ್ರವಚನಕಾರರು ಮಾತನಾಡುವುದು ಅಪರೂಪ. ಉಮರ್(ರ) ಈ ದಾನವನ್ನು ಬಾಯಿಮಾತಿಗೆ ಬಿಟ್ಟುಬಿಡಲಿಲ್ಲ. ದಸ್ತಾವೇಜು ಬರೆಸಿದರು. ಬರೆದವರ ಹೆಸರು ಅದರಲ್ಲಿದೆ, ಸಾಕ್ಷಿಯ ಹೆಸರೂ ಇದೆ. ತನ್ನ ಮರಣಾನಂತರ ಅದನ್ನು ನೋಡಿಕೊಳ್ಳಲು ಯಾರನ್ನು ನೇಮಿಸಿದರು ಗೊತ್ತೇ? ತನ್ನ ಮಗಳು, ವಿಶ್ವಾಸಿಗಳ ಮಾತೆ ಹಝ್ರತ್ ಹಫ್ಸಾ(ರ)ರನ್ನು. ಅವರ ನಂತರ ಕುಟುಂಬದಲ್ಲಿ ವಿವೇಕವುಳ್ಳವರು ನೋಡಿಕೊಳ್ಳಬೇಕೆಂದೂ ಬರೆಸಿದರು. ಇಸ್ಲಾಮೀ ಚರಿತ್ರೆಯ ಅತ್ಯಂತ ಪ್ರಸಿದ್ಧ ವಕ್ಫ್ ಪತ್ರದಲ್ಲಿ ಹೆಸರಿಸಲಾದ ಮೊದಲ ಉಸ್ತುವಾರಿ ಓರ್ವ ಮಹಿಳೆ. ಇಂದು ನಮ್ಮ ಎಷ್ಟು ಜಮಾಅತ್‌ಗಳ ಆಡಳಿತ ಸಮಿತಿಗಳಲ್ಲಿ ಮಹಿಳೆಯರ ಅಭಿಪ್ರಾಯವನ್ನಾದರೂ ಕೇಳಲಾಗುತ್ತದೆ?

ಪ್ರವಾದಿ(ಸ)ಯವರ ಕಾಲದ ಇತರ ಉದಾಹರಣೆಗಳಲ್ಲೂ ಎದ್ದು ಕಾಣುವುದು ಅಗತ್ಯದ ಅರಿವು. ಮದೀನಾದಲ್ಲಿ ಸಿಹಿನೀರಿಗೆ ಬವಣೆಯಿದ್ದಾಗ ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಖರೀದಿಸಿ ಸರ್ವರಿಗೂ ಮುಕ್ತಗೊಳಿಸಿದರು. ತಾಯಿ ತೀರಿಕೊಂಡಾಗ ಸಅದ್ ಬಿನ್ ಉಬಾದ(ರ) ಯಾವ ದಾನ ಶ್ರೇಷ್ಠವೆಂದು ವಿಚಾರಿಸಿದರು. ನೀರು ಎಂಬ ಉತ್ತರ ಬಂದಾಗ ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದರು. ಅಬೂತಲ್ಹಾ(ರ) ತನಗೆ ಅತ್ಯಂತ ಪ್ರಿಯವಾಗಿದ್ದ ಬೈರುಹಾ ತೋಟವನ್ನು ಅಲ್ಲಾಹನ ಮಾರ್ಗದಲ್ಲಿ ಅರ್ಪಿಸಲು ಬಂದಾಗ, ಅದನ್ನು ನಿಮ್ಮ ಬಂಧುಗಳಿಗೇ ನೀಡಿ ಎಂಬ ಸಲಹೆ ಅವರಿಗೆ ದೊರೆಯಿತು. ಮರಣಾನಂತರ ಪುಣ್ಯ ತಲಪಿಸುವ ಕಾರ್ಯಗಳನ್ನು ಹೆಸರಿಸುವ ಇನ್ನೊಂದು ಹದೀಸ್‌ನಲ್ಲಿ ಮಸೀದಿಯ ಜೊತೆಗೆ ಪ್ರಯಾಣಿಕರ ವಸತಿ ಮತ್ತು ನೀರಿನ ಕಾಲುವೆಯೂ ಸೇರಿವೆ. ಗಿಡವೊಂದನ್ನು ನೆಟ್ಟರೆ ಅದರಿಂದ ಮನುಷ್ಯನೋ ಹಕ್ಕಿಯೋ ಜಾನುವಾರೋ ತಿಂದರೂ ನೆಟ್ಟವನಿಗೆ ಅದು ದಾನವಾಗುತ್ತದೆ ಎಂದು ಪ್ರವಾದಿ(ಸ) ಕಲಿಸಿದರು. ಹಕ್ಕಿಗೆ ಧರ್ಮವಿಲ್ಲ. ರೂಮಾ ಬಾವಿಯ ನೀರು ಸೇದುವವನ ಹೆಸರು ಕೇಳಿ ಕೊಟ್ಟದ್ದೂ ಅಲ್ಲ.

ಇದರ ಬೆಳಕಿನಲ್ಲಿ ನಮ್ಮ ಇಂದಿನ ರೂಢಿಯನ್ನು ನೋಡೋಣ. ತಂದೆ ತೀರಿಕೊಂಡರೆ ಮಕ್ಕಳು ಮೂರನೆಯ ದಿನ, ನಲವತ್ತನೆಯ ದಿನ, ವರ್ಷಾಂತ್ಯ ಎಂದು ಊಟ ಹಾಕಿಸುತ್ತಾರೆ. ಉಣ್ಣುವವರಲ್ಲಿ ಹೆಚ್ಚಿನವರು ಹಸಿದವರಲ್ಲ. ಇದಕ್ಕಾಗಿ ಸಾಲ ಮಾಡಿದವರನ್ನೂ ನಾವು ಕಂಡಿದ್ದೇವೆ. ಮೃತನ ಸಾಲ ತೀರಿಸಿಲ್ಲ, ಸಹೋದರಿಯರಿಗೆ ಸಲ್ಲಬೇಕಾದ ವಾರೀಸು ಹಕ್ಕನ್ನು ಕೊಟ್ಟಿಲ್ಲ, ಆದರೆ ಮಸೀದಿಯ ಮಹಡಿಗೆ ಟೈಲ್ಸ್ ಹಾಕಿಸಿ ತಂದೆಯ ಹೆಸರು ಬರೆಸಲಾಗುತ್ತದೆ. ಸಾಲ ಮತ್ತು ಉಯಿಲು ತೀರಿದ ಬಳಿಕವೇ ಪಾಲು ಎಂದು ಕುರ್‌ಆನ್ ಕ್ರಮ ನಿಗದಿಪಡಿಸಿದೆ. ಉಯಿಲು ಕೂಡ ಮೂರನೇ ಒಂದಂಶವನ್ನು ಮೀರಬಾರದೆಂದು ಪ್ರವಾದಿ(ಸ) ಮಿತಿ ಹಾಕಿದರು, ಅದನ್ನೂ ಹೆಚ್ಚೆಂದೇ ಪರಿಗಣಿಸಿದರು. ಹೆಣ್ಣುಮಕ್ಕಳ ಹಕ್ಕಿನ ಹಣದಿಂದ ನಡೆಸುವ ದಾನವು ಯಾರ ಹೆಸರಿನಲ್ಲಿದ್ದರೂ ಅದು ಇನ್ನೊಬ್ಬರ ಸೊತ್ತಿನ ವಿಲೇವಾರಿಯೇ ಸರಿ.

ಇನ್ನು ಮಸೀದಿಗಳ ಕಪಾಟುಗಳನ್ನು ನೋಡಿ. ಮೃತರ ಹೆಸರಿನಲ್ಲಿ ನೀಡಲಾದ ಮುಸ್‌ಹಫ್‌ಗಳು ಸಾಲುಸಾಲಾಗಿ ಧೂಳು ಹಿಡಿದು ಕೂತಿವೆ. ಅದೇ ಮಸೀದಿಯ ಪಕ್ಕದ ಮನೆಯಲ್ಲಿ ಹತ್ತನೇ ತರಗತಿ ಪಾಸಾದ ಹುಡುಗಿಯು ಕಾಲೇಜು ಶುಲ್ಕವಿಲ್ಲದೆ ಬೀಡಿ ಕಟ್ಟಲು ಕೂತಿದ್ದಾಳೆ. ಒಂದು ಮುಸ್‌ಹಫ್ ಕೊಡುವುದು ಪುಣ್ಯವಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಅದನ್ನು ಓದಿ ಅರ್ಥಮಾಡಿಕೊಳ್ಳುವ ತಲೆಮಾರನ್ನು ರೂಪಿಸುವುದು ಆ ಹದೀಸ್‌ನ ಎರಡನೆಯ ಭಾಗ. 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್‌ರು ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. 2021ರಲ್ಲಿ ಅವರು ನಿಧನರಾದಾಗ ಅವರ ಸಂಸ್ಥೆಗಳಲ್ಲಿ ಕಲಿತ ವೈದ್ಯರು, ವಕೀಲರು, ಶಿಕ್ಷಕರು ರಾಜ್ಯದ ಉದ್ದಗಲದಲ್ಲಿದ್ದರು. ಅವರ ಪಾಲಿಗೆ ಎರಡನೆಯ ಬಾಗಿಲು ತೆರೆದಿದೆ ಎಂದು ನಾವು ಆಶಿಸುತ್ತೇವೆ.

ಒಂದು ದೊಡ್ಡ ದಾನವು ಹೇಗೆ ಹರಿಯುತ್ತದೆ, ಹೇಗೆ ದಾರಿತಪ್ಪುತ್ತದೆ ಎಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲೇ ಒಂದು ಪಾಠವಿದೆ. ಬಂಗಾಳದ ಹೂಗ್ಲಿಯ ಹಾಜಿ ಮುಹಮ್ಮದ್ ಮೊಹ್ಸಿನ್‌ರು ಅವಿವಾಹಿತರು. ಅವರಿಗಾಗಿ ಪ್ರಾರ್ಥಿಸಲು ಸಂತಾನವಿರಲಿಲ್ಲ. ತನಗೆ ಸಹೋದರಿಯಿಂದ ಬಂದ ಅಪಾರ ಆಸ್ತಿಯನ್ನು 1806ರಲ್ಲಿ ವಕ್ಫ್ ಪತ್ರ ಬರೆದು ಧಾರ್ಮಿಕ ಮತ್ತು ಧರ್ಮಾರ್ಥ ಕಾರ್ಯಗಳಿಗೆ ಮೀಸಲಿಟ್ಟರು. 1812ರಲ್ಲಿ ತೀರಿಕೊಂಡರು. ಅವರು ಕಣ್ಣುಮುಚ್ಚಿ ಹೆಚ್ಚು ಕಾಲ ಕಳೆಯುವ ಮೊದಲೇ ಮುತವಲ್ಲಿಗಳ ಮೇಲೆ ದುರುಪಯೋಗದ ಆರೋಪ ಬಂತು. ಅದೇ ನೆಪವಾಗಿ ಕಂಪೆನಿ ಸರಕಾರವು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಸಂಗ್ರಹವಾಗಿದ್ದ ಹಣದಿಂದ 1836ರಲ್ಲಿ ಹೂಗ್ಲಿ ಕಾಲೇಜು ಆರಂಭವಾಯಿತು. ಬಂಗಾಳದ ನವಶಿಕ್ಷಣಕ್ಕೆ ಆ ಕಾಲೇಜು ಸಲ್ಲಿಸಿದ ಸೇವೆ ಸಣ್ಣದಲ್ಲ. 'ವಂದೇ ಮಾತರಂ' ಗೀತೆಯ ಕರ್ತೃ ಬಂಕಿಮಚಂದ್ರ ಚಟ್ಟೋಪಾಧ್ಯಾಯರೂ ಅಲ್ಲಿಯ ವಿದ್ಯಾರ್ಥಿ. ವಕ್ಫ್ ಎಂಬ ಪದ ಕೇಳಿದರೇ ಸಿಡಿಮಿಡಿಗೊಳ್ಳುವವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಆದರೆ ಕತೆಯ ಇನ್ನೊಂದು ಮಗ್ಗುಲೂ ಇದೆ. ಮೊಹ್ಸಿನ್‌ರ ಹಣದಿಂದ ನಡೆದ ಕಾಲೇಜಿನಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟಿದ್ದರು. 1871ರಲ್ಲಿ ಡಬ್ಲ್ಯು.ಡಬ್ಲ್ಯು. ಹಂಟರ್ ಎಂಬ ಬ್ರಿಟಿಷ್ ಅಧಿಕಾರಿಯು ತನ್ನ 'ದಿ ಇಂಡಿಯನ್ ಮುಸಲ್ಮಾನ್ಸ್' ಗ್ರಂಥದಲ್ಲಿ ಈ ನಿಧಿ ಉದ್ದೇಶದಿಂದ ದೂರ ಸರಿದುದನ್ನು ಎತ್ತಿ ತೋರಿಸಿದನು. 1873ರಲ್ಲಿ ಸರಕಾರವು ನಿಧಿಯನ್ನು ಕಾಲೇಜಿನ ಖರ್ಚಿನಿಂದ ಬೇರ್ಪಡಿಸಿ ಮುಸ್ಲಿಮರ ಶಿಕ್ಷಣಕ್ಕೆ ತಿರುಗಿಸಿತು. ಅದರಿಂದ ಢಾಕಾ, ಚಿತ್ತಗಾಂಗ್, ರಾಜಶಾಹಿಗಳಲ್ಲಿ ಮದ್ರಸಗಳು ನಡೆದವು, ಬಡ ವಿದ್ಯಾರ್ಥಿಗಳ ಶುಲ್ಕದ ದೊಡ್ಡ ಪಾಲು ಭರಿಸಲ್ಪಟ್ಟಿತು. ದಾನಿಯ ಮರಣಕ್ಕೂ ಆ ವಿದ್ಯಾರ್ಥಿವೇತನಕ್ಕೂ ನಡುವೆ ಆರು ದಶಕಗಳು ಕಳೆದಿದ್ದವು. ಮೂಲ ಉಳಿದಿತ್ತು, ಆದ್ದರಿಂದ ಹರಿವನ್ನು ಮತ್ತೆ ತಿರುಗಿಸಲು ಸಾಧ್ಯವಾಯಿತು. ಪತ್ರವೂ ಇಲ್ಲದೆ ಮೂಲವೂ ಕರಗಿಹೋಗಿದ್ದರೆ ತಿರುಗಿಸಲು ಏನಿರುತ್ತಿತ್ತು?

ಇಂದು ಆ ಮೂಲಗಳ ಗತಿ ಏನು? 2006ರ ಸಾಚಾರ್ ಸಮಿತಿಯ ವರದಿಯು ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿವೆ, ವಿಸ್ತೀರ್ಣ ಸುಮಾರು 6 ಲಕ್ಷ ಎಕರೆ, ಮಾರುಕಟ್ಟೆ ಮೌಲ್ಯ ಸುಮಾರು 1.2 ಲಕ್ಷ ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ಅವುಗಳಿಂದ ಬರುತ್ತಿದ್ದ ವಾರ್ಷಿಕ ಆದಾಯ ಮಾತ್ರ 163 ಕೋಟಿ. ಅಂದರೆ ನೂರು ರೂಪಾಯಿಯ ಆಸ್ತಿಯಿಂದ ವರ್ಷಕ್ಕೆ ಹದಿನಾಲ್ಕು ಪೈಸೆಯೂ ಹುಟ್ಟುತ್ತಿರಲಿಲ್ಲ. ಶೇ.10ರಷ್ಟು ಆದಾಯ ಬಂದರೂ ವರ್ಷಕ್ಕೆ 12 ಸಾವಿರ ಕೋಟಿಯಾಗುತ್ತದೆಂದು ಸಮಿತಿ ಲೆಕ್ಕ ಹಾಕಿತ್ತು. ನಮ್ಮ ರಾಜ್ಯದಲ್ಲಿ 2012ರಲ್ಲಿ ಅಲ್ಪಸಂಖ್ಯಾತರ ಆಯೋಗದ ಅಂದಿನ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿಯವರು ಸಲ್ಲಿಸಿದ ವರದಿಯು, 54 ಸಾವಿರ ಎಕರೆ ವಕ್ಫ್ ಭೂಮಿಯಲ್ಲಿ 27 ಸಾವಿರ ಎಕರೆ ಕೈತಪ್ಪಿದೆ ಎಂದು ಆರೋಪಿಸಿತು. ಆ ಅಂಕಿಅಂಶದ ಬಗ್ಗೆ ವಿವಾದಗಳಿವೆ, ಅದರ ಹಿಂದಿನ ರಾಜಕೀಯದ ಬಗ್ಗೆಯೂ ಇವೆ. ಆದರೆ ಅದರಲ್ಲಿ ಕಾಲಂಶ ನಿಜವಾದರೂ ನಮ್ಮ ಹಿರಿಯರ ಗೋರಿಗಳ ಮುಂದೆ ನಿಲ್ಲಲು ನಮಗೆ ನಾಚಿಕೆಯಾಗಬೇಕು. ಯಾಕೆಂದರೆ ಒತ್ತುವರಿದಾರರೆಲ್ಲ ಹೊರಗಿನವರಲ್ಲ. ಪೇಟೆಯ ನಡುವಿನ ವಕ್ಫ್ ಅಂಗಡಿಯನ್ನು ಅಜ್ಜನ ಕಾಲದ ಬಾಡಿಗೆಗೆ ಹಿಡಿದುಕೊಂಡು, ಅದನ್ನೇ ಹತ್ತು ಪಟ್ಟು ಬಾಡಿಗೆಗೆ ಇನ್ನೊಬ್ಬರಿಗೆ ಕೊಟ್ಟು, ಜುಮಾದಂದು ಮೊದಲ ಸಫ್‌ನಲ್ಲಿ ಕೂರುವವರು ನಮ್ಮ ನಡುವೆಯೇ ಇದ್ದಾರೆ.

ಒಳ್ಳೆಯ ಕ್ರಮವನ್ನು ಆರಂಭಿಸಿದವನಿಗೆ ಅದನ್ನು ಅನುಸರಿಸಿದವರ ಪುಣ್ಯದಲ್ಲಿಯೂ ಪಾಲಿದೆ, ಕೆಟ್ಟ ಕ್ರಮವನ್ನು ಆರಂಭಿಸಿದವನಿಗೆ ಅದನ್ನು ಅನುಸರಿಸಿದವರ ಪಾಪದಲ್ಲಿಯೂ ಪಾಲಿದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಹರಿಯುವ ಪುಣ್ಯದಂತೆ ಹರಿಯುವ ಪಾಪವೂ ಇದೆ. ಖಬರಸ್ತಾನದ ಅಂಚಿನ ಐದು ಸೆಂಟ್ಸ್ ಜಾಗವನ್ನು ಗುಟ್ಟಾಗಿ ಪರಭಾರೆ ಮಾಡಿದ ಮುತವಲ್ಲಿ ಮುಂದೊಂದು ದಿನ ಅದೇ ಖಬರಸ್ತಾನದಲ್ಲಿ ಮಲಗುತ್ತಾನೆ. ಅವನು ಮಾಡಿದ ವ್ಯವಹಾರವು ಮಲಗುವುದಿಲ್ಲ.

ರಾಜಕೀಯದ ಮಾತನ್ನೂ ಇಲ್ಲಿ ಹೇಳಲೇಬೇಕು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವು ವಕ್ಫ್ ತಿದ್ದುಪಡಿ ಕಾನೂನನ್ನು ಜಾರಿಗೆ ತಂದಿತು. ವಕ್ಫ್ ಮಾಡುವವನು ಐದು ವರ್ಷಗಳಿಂದ ಇಸ್ಲಾಮನ್ನು ಪಾಲಿಸುತ್ತಿರಬೇಕೆಂಬ ವಿಚಿತ್ರ ಷರತ್ತು, ಆಸ್ತಿ ಸರಕಾರದ್ದೋ ವಕ್ಫಿನದೋ ಎಂಬ ವಿವಾದದಲ್ಲಿ ಸರಕಾರದ್ದೇ ಅಧಿಕಾರಿಯ ತನಿಖೆ, ಮಂಡಳಿಗಳಲ್ಲಿ ಮುಸ್ಲಿಮೇತರ ಸದಸ್ಯರು, ಬಳಕೆಯಿಂದ ವಕ್ಫ್ ಎಂಬ ತತ್ವದ ರದ್ದತಿ ಇವೆಲ್ಲ ಅದರಲ್ಲಿದ್ದವು. ಓರ್ವ ಪ್ರಜೆಯು ತನ್ನ ಸೊತ್ತನ್ನು ದೇವನ ಹೆಸರಿನಲ್ಲಿ ಅರ್ಪಿಸುವುದಕ್ಕೆ ಧರ್ಮಪಾಲನೆಯ ಪ್ರಮಾಣಪತ್ರ ಕೇಳುವ ಕಾನೂನನ್ನು ನಾವು ಒಪ್ಪಲಾರೆವು. ಸುಪ್ರೀಮ್ ಕೋರ್ಟ್ 2025ರ ಸೆಪ್ಟಂಬರ್ 15ರ ಮಧ್ಯಂತರ ಆದೇಶದಲ್ಲಿ ಐದು ವರ್ಷದ ಷರತ್ತನ್ನೂ ಅಧಿಕಾರಿಗೆ ನೀಡಿದ್ದ ನಿರ್ಣಾಯಕ ಅಧಿಕಾರವನ್ನೂ ತಡೆಹಿಡಿಯಿತು. ಇಡೀ ಕಾನೂನಿಗೆ ತಡೆ ನೀಡಲಿಲ್ಲ. ನೋಂದಣಿಯ ಕಡ್ಡಾಯಕ್ಕೆ ತಡೆಯೊಡ್ಡಲು ನಿರಾಕರಿಸುತ್ತಾ, ನೋಂದಣಿ ಎಂಬುದು ಹಿಂದಿನ ಕಾನೂನುಗಳಲ್ಲಿಯೂ ಇತ್ತಲ್ಲವೇ ಎಂಬುದನ್ನು ನ್ಯಾಯಾಲಯವು ನೆನಪಿಸಿತು. ಈ ಮಾತು ನಮಗೆ ನೋವು ತಂದಿದೆ, ಆದರೆ ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. 2025ರ ಜೂನ್‌ನಲ್ಲಿ ಆರಂಭವಾದ ಉಮೀದ್ ಪೋರ್ಟಲ್‌ಗೆ ವಿವರ ಸೇರಿಸಲು ಆರು ತಿಂಗಳ ಗಡುವಿತ್ತು. ಗಡುವು ಹತ್ತಿರವಾದಾಗ ಹಳೆಯ ಕಬ್ಬಿಣದ ಪೆಟ್ಟಿಗೆಗಳಲ್ಲಿ ಕಾಗದಗಳಿಗಾಗಿ ತಡಕಾಡಿದ ಸಮಿತಿಗಳು ಅದೆಷ್ಟೋ! ಗೆದ್ದಲು ತಿಂದ ಪತ್ರವನ್ನು ಯಾವ ಪೋರ್ಟಲ್ ಓದೀತು? ಹದಿನಾಲ್ಕು ಶತಮಾನಗಳ ಹಿಂದೆ ಬರೆಸಿ, ಸಾಕ್ಷಿ ಹಾಕಿಸಿದ ಉಮರ್(ರ)ರ ಸಮುದಾಯ ನಮ್ಮದು.

ಇದರ ಜೊತೆಗೆ ಇನ್ನೊಂದು ವಿಷಯ. 2024ರ ಕೊನೆಯಲ್ಲಿ ವಿಜಯಪುರ ಜಿಲ್ಲೆಯ ರೈತರ ಜಮೀನುಗಳ ಬಗ್ಗೆ ವಕ್ಫ್ ಹೆಸರಿನಲ್ಲಿ ನೋಟಿಸುಗಳು ಹೋದವು. ರಾಜ್ಯದಲ್ಲಿ ದೊಡ್ಡ ಗದ್ದಲವಾಗಿ, ನೋಟಿಸುಗಳನ್ನು ಹಿಂಪಡೆಯುವಂತೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆದೇಶಿಸಿದರು. ಆ ಗದ್ದಲದಿಂದ ರಾಜಕೀಯ ಲಾಭ ಪಡೆದವರು ಯಾರೆಂದು ಎಲ್ಲರಿಗೂ ಗೊತ್ತು. ಆದರೂ ಪಹಣಿ ಹಿಡಿದು ತಲೆತಲಾಂತರದಿಂದ ಉಳುತ್ತಿರುವ ಬಡ ರೈತನ ಭೀತಿಯನ್ನು ನಾವು ಹಗುರವಾಗಿ ಕಾಣುವಂತಿಲ್ಲ. ಮದೀನಾದಲ್ಲಿ ಮಸೀದಿಗಾಗಿ ಆರಿಸಲಾದ ಜಾಗವು ಇಬ್ಬರು ಅನಾಥ ಬಾಲಕರದ್ದಾಗಿತ್ತು. ಬಾಲಕರು ಅದನ್ನು ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿ(ಸ) ಸ್ವೀಕರಿಸಲಿಲ್ಲ, ಬೆಲೆಗೇ ಕೊಂಡರು. ನಮ್ಮದನ್ನು ಬಿಟ್ಟುಕೊಡಬಾರದು, ನಮ್ಮದಲ್ಲದ ಒಂದು ಅಂಗುಲವೂ ನಮಗೆ ಬೇಡ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ನಮ್ಮ ನಾಯಕರಿಗೆ ಇರಬೇಕು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಯೋಜನೆಗಳ ಬಗ್ಗೆ ಸಮ್ಮೇಳನಗಳಲ್ಲಿ ಸಾಕಷ್ಟು ಮಾತನಾಡಲಾಗಿದೆ. ನಾವು ಒಂದು ಮೊಹಲ್ಲಾದ ಮಟ್ಟದಲ್ಲಿ ಯೋಚಿಸಲು ಬಯಸುತ್ತೇವೆ. ವಕ್ಫ್ ಕಾನೂನು ಪ್ರತಿಯೊಬ್ಬ ಮುತವಲ್ಲಿಯೂ ವಾರ್ಷಿಕ ಲೆಕ್ಕಪತ್ರವನ್ನು ಮಂಡಳಿಗೆ ಸಲ್ಲಿಸಬೇಕೆಂದು ಹೇಳುತ್ತದೆ. ಅದೇ ಲೆಕ್ಕವನ್ನು ವರ್ಷಕ್ಕೊಮ್ಮೆ ಜುಮಾದ ಬಳಿಕ ಜಮಾಅತ್ತಿನ ಮುಂದೆ ಓದಿ ಹೇಳಿದರೆ ಯಾರಿಗೆ ನಷ್ಟ? ಹೊಸ ದಾನವನ್ನು ಸ್ವೀಕರಿಸುವಾಗ, ಇದರ ದುರಸ್ತಿಯ ವೆಚ್ಚ ಯಾರದು ಎಂದು ದಾನಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಲಿ. ಕೊಳವೆಬಾವಿಗೆ ಒಂದು ಲಕ್ಷ ಕೊಡುವವರು ಅದರಲ್ಲಿ ಒಂದಂಶವನ್ನು ನಿರ್ವಹಣೆಗೆಂದು ತೆಗೆದಿಡಲಿ. ವಕ್ಫ್ ಅಂಗಡಿಗಳ ಬಾಡಿಗೆಯನ್ನು ಪೇಟೆಯ ದರಕ್ಕೆ ತಂದು, ಆ ಹೆಚ್ಚಳವನ್ನು ವಿದ್ಯಾರ್ಥಿವೇತನಕ್ಕೆಂದೇ ಮೀಸಲಿಡಲಿ. ಐವತ್ತು ರೂಪಾಯಿ ಕೊಡಬಲ್ಲ ಕೂಲಿಕಾರನೂ ಅದರಲ್ಲಿ ಪಾಲುದಾರನಾಗಲು ದಾರಿಯಿರಲಿ. ಇಡೀ ಬಾವಿ ತೋಡಿಸಲಾಗದವನಿಗೆ ಸವೆದ ಬಿಡಿಭಾಗ ತಂದುಕೊಡುವ ಅವಕಾಶವಿದೆ. ಹಾಗೆ ಮಾಡಿದವನ ಹೆಸರನ್ನು ಯಾರೂ ಶಿಲೆಯಲ್ಲಿ ಕೆತ್ತಿಸಲಾರರು, ಆದರೆ ನೀರು ಮತ್ತೆ ಹರಿಯುವುದು ಅವನಿಂದಲೇ.

ರಮಝಾನ್‌ನ ಸಂಗ್ರಹಕ್ಕಾಗಿ ಹೊಸ ರಶೀದಿ ಪುಸ್ತಕ ಅಚ್ಚುಹಾಕಿಸುವ ಮುನ್ನ ಪ್ರತಿ ಜಮಾಅತ್ ತನ್ನ ಊರಿನಲ್ಲಿ ಸದಕಾ ಜಾರಿಯಾ ಎಂಬ ಫಲಕ ಹೊತ್ತ ಎಲ್ಲವನ್ನೂ ಒಮ್ಮೆ ಸುತ್ತಿ ನೋಡಿ, ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ, ಯಾವುದರ ಕಾಗದ ಎಲ್ಲಿದೆ ಎಂಬ ಪಟ್ಟಿಯನ್ನು ಮಸೀದಿಯ ಸೂಚನಾಫಲಕದಲ್ಲಿ ಹಚ್ಚಲಿ. ಓದುಗರು ತಮ್ಮ ಊರಿನ ಪಟ್ಟಿಯನ್ನು ಕಳುಹಿಸಿಕೊಟ್ಟರೆ ಪ್ರಕಟಿಸಲು ಪತ್ರಿಕೆಯು ಸಿದ್ಧವಿದೆ. ದಾನಿಗಳ ಹೆಸರು ಬೇಡ, ನಿಂತುಹೋದವುಗಳ ವಿವರ ಸಾಕು.